ಹುಮನಾಬಾದಿನ ಕ್ರಿಸ್‌ಮಸ್ ಗಿಡ

ಡಿಸೆಂಬರ್ ತಿಂಗಳಲ್ಲಿ ನಮ್ಮ ಸಂಘದ ಕಚೇರಿಯ ಮೆಟ್ಟಿಲು ಹತ್ತಿ ಬರುವ ಸದಸ್ಯ ಬಾಂಧವರು ಮೊದಲು ಕೇಳುವುದು ಕಾಫಿಯ ಧಾರಣೆಯನ್ನಲ್ಲ, ಅಡಿಕೆಯ ಧಾರಣೆಯನ್ನೂ ಅಲ್ಲ. ‘ಎಲ್ಲಾದರೂ ನಾಲ್ಕು ಆಳು ಸಿಕ್ಕಾರೆಯೇ?’ ಎಂದೇ ಕೇಳುತ್ತಾರೆ. ಅರೇಬಿಕಾ ಹಣ್ಣು ಕೆಂಪೇರಿ ನಿಂತಿರುತ್ತದೆ. ಅಡಿಕೆಯ ಕೊನೆ ಇಳಿಯಬೇಕು, ಸುಲಿಯಬೇಕು, ಬೇಯಬೇಕು. ಕಣದ ಮೇಲೆ ಹರಡಿದ ಪಾರ್ಚ್‌ಮೆಂಟಿಗೆ ಮೋಡದ ಭಯ. ಇಂಥ ಹೊತ್ತಿನಲ್ಲೇ ಬಯಲುಸೀಮೆಯಿಂದ ಬಂದ ಆಳುಗಳು ಸಾಲಾಗಿ ಅಂಗಳಕ್ಕೆ ಬಂದು ‘ಹಬ್ಬಕ್ಕೆ ಊರಿಗೆ ಹೋಗಬೇಕು’ ಎಂದು ನಿಂತರೆ ಬೆಳೆಗಾರನಿಗೆ ಏನಾಗುತ್ತದೆ ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಈ ಸಲ ಗೊಬ್ಬರದ ಪ್ರಮಾಣ, ಬೋರ್ಡೋ ದ್ರಾವಣಗಳ ಮಾತನ್ನು ಬದಿಗಿಟ್ಟು ಆ ಹಬ್ಬದ ವಿಷಯವನ್ನೇ ಬರೆಯೋಣವೆಂದಿದ್ದೇವೆ. ಇದರಲ್ಲಿ ನಮ್ಮ ತಪ್ಪೊಂದು ಸೇರಿದೆ; ಅದನ್ನೂ ಹೇಳಿಬಿಡುತ್ತೇವೆ.

ನಮ್ಮ ತೋಟಕ್ಕೆ 2018ರಿಂದ ಬೀದರ ಜಿಲ್ಲೆಯ ಒಂದು ತಂಡ ಕೊಯ್ಲಿಗೆ ಬರುತ್ತಿದೆ. ಹುಮನಾಬಾದ ತಾಲ್ಲೂಕು ಮುಗಿದು ಬಸವಕಲ್ಯಾಣ ತಾಲ್ಲೂಕು ಶುರುವಾಗುವಲ್ಲಿ ಅವರ ಹಳ್ಳಿ. ಗಂಡಸರು ಹೆಂಗಸರು ಸೇರಿ ಹನ್ನೊಂದು ಜನ. ಆ ಕಡೆಯವರು ಸಾಮಾನ್ಯವಾಗಿ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗುವವರು. ಇವರು ಹೇಗೋ ಯಾರದೋ ಮಾತು ಕೇಳಿ ನಮ್ಮ ಮಲೆನಾಡಿನ ಕಡೆಗೆ ತಿರುಗಿದ್ದರು. ಮೇಸ್ತ್ರಿಯ ಮನೆಯವರೂ ಇನ್ನೆರಡು ಮನೆಯವರೂ ಮೆಥೋಡಿಸ್ಟ್ ಕ್ರೈಸ್ತರು, ಉಳಿದವರು ಹಿಂದೂಗಳು. ನಿಜಾಮರ ಆಳ್ವಿಕೆಯಲ್ಲಿ ಅಮೆರಿಕನ್ ಮೆಥೋಡಿಸ್ಟ್ ಮಿಷನ್ನಿನವರು ಬೀದರ ಸೀಮೆಯಲ್ಲಿ ಶಾಲೆ, ಆಸ್ಪತ್ರೆ ತೆರೆದು ಹಳ್ಳಿಹಳ್ಳಿ ತಿರುಗಿದ್ದರ ಫಲವಾಗಿ ಆ ಭಾಗದಲ್ಲಿ ಕ್ರೈಸ್ತ ಮನೆಗಳು ಸಾಕಷ್ಟಿವೆ. ಹೆಚ್ಚಿನವರು ಕೂಲಿಯವರು, ಇಲ್ಲವೇ ಒಂದೆರಡು ಎಕರೆಯ ಒಡೆಯರು.

2021ರ ನವೆಂಬರಿನ ಮಳೆ ಯಾರಿಗೂ ಮರೆತಿರಲಾರದು. ಗಿಡದಲ್ಲೇ ಹಣ್ಣು ಒಡೆದು ನೆಲಕ್ಕೆ ಉದುರಿದ ವರ್ಷ ಅದು. ಉಳಿದದ್ದನ್ನಾದರೂ ಕೊಯ್ದುಕೊಳ್ಳೋಣವೆಂದು ಹಗಲು ರಾತ್ರಿ ಒಂದು ಮಾಡಿದ್ದೆವು. ಡಿಸೆಂಬರ್ 18ಕ್ಕೆ ಮೇಸ್ತ್ರಿ ಬಂದು ಹದಿನೈದು ದಿನದ ರಜೆ ಕೇಳಿದರು. 25ಕ್ಕೆ ಕ್ರಿಸ್‌ಮಸ್, ಜನವರಿ 2ಕ್ಕೆ ಎಳ್ಳಮಾವಾಸ್ಯೆ, ಎರಡನ್ನೂ ಮುಗಿಸಿಕೊಂಡು ಬರುತ್ತೇವೆ ಎಂದರು. ‘ಹಬ್ಬ ಮುಂದಿನ ವರ್ಷವೂ ಬರುತ್ತದೆ, ಉದುರಿದ ಹಣ್ಣು ಮತ್ತೆ ಗಿಡಕ್ಕೆ ಹತ್ತುವುದಿಲ್ಲ’ ಎಂದು ನಾವು ಹೇಳಿದೆವು. ಅಷ್ಟು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಕೂಲಿಯ ಲೆಕ್ಕವನ್ನು ಜನವರಿ ಕೊನೆಗೆ ಚುಕ್ತಾ ಮಾಡುವುದಾಗಿ ಹೇಳಿ ಕೈ ಬಿಗಿಹಿಡಿದೆವು. ಕೈಯಲ್ಲಿ ಕಾಸಿಲ್ಲದೆ ಯಾರು ಎಲ್ಲಿಗೆ ಹೋದಾರು? ಉಳಿದರು.

25ರ ಬೆಳಿಗ್ಗೆ ಪಲ್ಪರ್ ಮನೆಯ ಮೇಲಿನ ಪಟ್ಟೆಗೆ ಹೋದಾಗ ನಾಲ್ಕು ವರ್ಷದ ಒಂದು ಸಿಲ್ವರ್ ಓಕಿನ ನೆತ್ತಿ ಮಾಯವಾಗಿತ್ತು. ಬುಡಕ್ಕೆ ಪಣಿಯೂರು ಮೆಣಸಿನ ಬಳ್ಳಿ ಹಬ್ಬಿಸಿ ಎರಡು ವರ್ಷವಾಗಿದ್ದ ಮರ. ನೆತ್ತಿ ಕಡಿದ ಸಿಲ್ವರ್ ಓಕ್ ಕವಲೊಡೆಯುತ್ತದೆ, ನಾಟಾಕ್ಕೆ ಬಾರದೆಂದು ಎಲ್ಲರಿಗೂ ತಿಳಿದದ್ದೇ. ಸಿಟ್ಟು ನೆತ್ತಿಗೇರಿ ಲೈನಿನ ಕಡೆ ನಡೆದೆವು. ಅಲ್ಲಿ ಮೊದಲನೆಯ ಮನೆಯೊಳಗೆ, ಮರಳು ತುಂಬಿದ ಎಣ್ಣೆ ಡಬ್ಬಿಯಲ್ಲಿ ನಮ್ಮ ಸಿಲ್ವರ್ ಓಕಿನ ನೆತ್ತಿ ನೆಟ್ಟಗೆ ನಿಂತಿತ್ತು. ಚಾಕಲೇಟಿನ ಬೆಳ್ಳಿ ಕಾಗದ ಕತ್ತರಿಸಿ ಅಂಟಿಸಿದ್ದರು. ಬಿದಿರಿನ ಸಿಬಿರಿಗೆ ಗೊಬ್ಬರ ಚೀಲದ ಒಳಹಾಳೆ ಸುತ್ತಿದ ನಕ್ಷತ್ರವೊಂದು ತುದಿಯಲ್ಲಿತ್ತು. ಸುತ್ತಲೂ ಕೆಂಪು ಸರಗಳು. ಹತ್ತಿರ ಹೋಗಿ ನೋಡಿದರೆ ಸೂಜಿದಾರದಲ್ಲಿ ಪೋಣಿಸಿದ ಕಾಫಿ ಹಣ್ಣು! ಅದೂ ಕಸಿ ಕಾಯಿ ಒಂದೂ ಇಲ್ಲದಂತೆ ಆರಿಸಿದ್ದು. ಇಷ್ಟು ಚೆನ್ನಾಗಿ ಆರಿಸಿದ ಹಣ್ಣನ್ನು ಆ ವರ್ಷ ಅವರು ನಮ್ಮ ಬುಟ್ಟಿಗೆ ಹಾಕಿದ್ದನ್ನು ನಾವು ಕಂಡಿರಲಿಲ್ಲ ಎಂಬುದನ್ನು ಈಗ ನಗುತ್ತ ಬರೆಯುತ್ತಿದ್ದೇವೆ. ಆಗ ನಗು ಬಂದಿರಲಿಲ್ಲ.

ಮರಕ್ಕೆ ಐನೂರು ರೂಪಾಯಿ ಹಿಡಿಯುವುದಾಗಿ ಕೂಗಾಡಿದೆವು. ಮೇಸ್ತ್ರಿ ವಾದಕ್ಕೆ ಬರಲಿಲ್ಲ. ‘ತಪ್ಪಾಯ್ತ್ರಿ ಸಾವ್ಕಾರ್ರೆ. ಊರಾಗ ಇದ್ದಿದ್ರ ನಮ್ಮ ಗಿಡ ನಾವೇ ಕಡಕೊಂತಿದ್ವಿ. ಇಲ್ಲಿ ಎಲ್ಲಾ ಗಿಡ ನಿಮ್ಮವೇ ಅದಾವ’ ಎಂದಷ್ಟೇ ಹೇಳಿದರು. ಅವರ ಹೆಂಡತಿ ಬಾಳೆಯೆಲೆಯ ತುಂಡಿನಲ್ಲಿ ನಾಲ್ಕು ಕರ್ಚಿಕಾಯಿ ಇಟ್ಟು ಮುಂದೆ ಹಿಡಿದರು. ನಾವು ತೆಗೆದುಕೊಳ್ಳದೆ ಬಂದುಬಿಟ್ಟೆವು. ಜನವರಿ ಕೊನೆಯ ಲೆಕ್ಕದಲ್ಲಿ ಐನೂರನ್ನು ಹಿಡಿದೂ ಹಿಡಿದೆವು.

ಮರುವರ್ಷ ಸೆಪ್ಟೆಂಬರಿನಲ್ಲಿ ಫೋನು ಮಾಡಿದಾಗ ಮೇಸ್ತ್ರಿ ಒಡನೆ ಒಪ್ಪಲಿಲ್ಲ. ಬರುತ್ತೇವೆ, ಆದರೆ ಡಿಸೆಂಬರ್ 21ಕ್ಕೆ ಬಿಡಬೇಕು, ಅಲ್ಲಿಯವರೆಗಿನ ಕೂಲಿ ಕೈಗೆ ಕೊಡಬೇಕು, ಹತ್ತು ದಿನಕ್ಕೆ ತಿರುಗಿ ಬರುತ್ತೇವೆ ಎಂದರು. ನಾವು ಅನುಮಾನಿಸಿದೆವು. ಆಗ ಅವರೇ ‘ನಂಬಿಕಿ ಇಲ್ಲಂದ್ರ ನೀವೇ ಬರ್ರಿ ನಮ್ಮ ಜೊತಿ. ಹಬ್ಬ ಮಾಡ್ರಿ, ತಿರುಗಿ ಕರಕೊಂಡು ಹೋಗ್ರಿ’ ಎಂದರು. ಹಾಸ್ಯಕ್ಕೆ ಹೇಳಿದ ಮಾತು. ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ನಗಲಿಲ್ಲ. ‘ಹೋಗಿ ಬನ್ನಿ. ಮೂವತ್ತು ವರ್ಷದಿಂದ ಡಿಸೆಂಬರಿನಲ್ಲಿ ನೀವು ಕಣ ಬಿಟ್ಟು ಕದಲಿಲ್ಲ, ಒಂದು ವರ್ಷ ನಾನು ಕಾಯುತ್ತೇನೆ’ ಎಂದರು. ಆ ವರ್ಷ ಡಿಸೆಂಬರ್ ಎರಡನೆಯ ವಾರದಲ್ಲಿ ಮಾಂಡೂಸ್ ಚಂಡಮಾರುತದ ಮೋಡ ಕವಿದು ಕಣದಲ್ಲಿ ಟಾರ್ಪಾಲು ಎಳೆದು ಎಳೆದು ಕೈ ಸೋತಿತ್ತು. 20ರ ಹೊತ್ತಿಗೆ ಮೊದಲ ಸುತ್ತಿನ ಆಯ್ದ ಕೊಯ್ಲು ಮುಗಿಯಿತು. 21ರ ಸಂಜೆ ಹನ್ನೊಂದು ಜನರೊಂದಿಗೆ ಹನ್ನೆರಡನೆಯವರಾಗಿ ನಾವೂ ಹೊರಟೆವು, ಚೀಲದಲ್ಲಿ ಎರಡು ಕಿಲೋ ಕಾಫಿಪುಡಿಯೊಂದಿಗೆ.

ಕಲಬುರಗಿಯಿಂದ ಹುಮನಾಬಾದಿಗೆ ಬೀದರದವರೆಗಿನ ರೈಲುದಾರಿ 2017ರಲ್ಲಿ ತೆರೆದ ಮೇಲೆ ಪ್ರಯಾಣ ಹಗುರವಾಗಿದೆ. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ–ಕಲಬುರಗಿ ರಸ್ತೆಯೂ ಸಂಧಿಸುವ ಊರು ಹುಮನಾಬಾದ. ಪಕ್ಕದಲ್ಲೇ ಮಾಣಿಕಪ್ರಭುಗಳ ಮಾಣಿಕನಗರ. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ನಡೆದುಕೊಳ್ಳುವ ಸ್ಥಳ. ದತ್ತ ಜಯಂತಿಯ ಜಾತ್ರೆ ಅದೇ ತಿಂಗಳ ಹುಣ್ಣಿಮೆಗೆ ಮುಗಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಕಿವಿಗೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೀಳುತ್ತವೆ. ನಮ್ಮ ಕಣ್ಣಿಗೆ ಮೊದಲು ಕಂಡದ್ದು ಮರವಿಲ್ಲದ ಬಯಲು. ನೆರಳಿನಡಿಯಲ್ಲೇ ಹುಟ್ಟಿ ಬೆಳೆದ ನಮಗೆ ಅಷ್ಟು ಆಕಾಶವನ್ನು ಒಮ್ಮೆಗೇ ನೋಡಿ ಅಭ್ಯಾಸವಿಲ್ಲ. ಅಲ್ಲಲ್ಲಿ ಕರಿನೆಲ, ಅಲ್ಲಲ್ಲಿ ಜಂಬಿಟ್ಟಿಗೆಯ ಕೆಂಪುನೆಲ. ತೊಗರಿ, ಕಡಲೆ, ಜೋಳ, ಕಬ್ಬು. ಚಳಿಯಂತೂ ನಮ್ಮ ಬಾಳೆಹೊನ್ನೂರಿನ ಚಳಿಯಲ್ಲ; ಒಣ ಚಳಿ, ತುಟಿ ಬಿರಿಯುವಂಥದ್ದು.

2022ರಲ್ಲಿ ಎಳ್ಳಮಾವಾಸ್ಯೆ ಡಿಸೆಂಬರ್ 23ರ ಶುಕ್ರವಾರ, ಕ್ರಿಸ್‌ಮಸ್ 25ರ ಭಾನುವಾರ. ಎರಡು ಹಬ್ಬಗಳು ಒಂದರ ಹಿಂದೆ ಒಂದು ಬಂದು ಊರಿಗೆ ಊರೇ ಎದ್ದು ನಿಂತಿತ್ತು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ತುಂಗಾಸ್ನಾನ, ರಾಮೇಶ್ವರನ ತೇರು. ಅಲ್ಲಿ ಅದು ಹೊಲದ ಹಬ್ಬ. ಹಿಂದಿನ ರಾತ್ರಿಯೆಲ್ಲ ಹೆಂಗಸರು ಮಲಗುವುದಿಲ್ಲ. ಸಜ್ಜೆಯ ರೊಟ್ಟಿ, ಎಳ್ಳು ಹಚ್ಚಿದ ಜೋಳದ ಕಡಕ್ ರೊಟ್ಟಿ, ಶೇಂಗಾದ ಹೋಳಿಗೆ, ಕಡುಬು, ಮಜ್ಜಿಗೆಯ ಅಂಬಲಿ. ಎಲ್ಲಕ್ಕಿಂತ ಮುಖ್ಯ ‘ಭಜ್ಜಿ’. ನಮ್ಮ ಬಜ್ಜಿ ಅಲ್ಲ ಇದು, ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಬದನೆ, ಗಜ್ಜರಿ, ಆ ಕಾಲಕ್ಕೆ ಹೊಲದಲ್ಲಿ ಸಿಗುವ ಸೊಪ್ಪು ಅಷ್ಟನ್ನೂ ಹಾಕಿ, ಹುಣಸೆಹುಳಿ, ಕಡಲೆಹಿಟ್ಟು ಕಲಸಿ ಕುದಿಸಿದ ಗಟ್ಟಿ ಪಲ್ಯ. ಬುಟ್ಟಿ ತಲೆಯ ಮೇಲೆ ಹೊತ್ತು ಹೊಲಕ್ಕೆ ನಡೆಯುತ್ತಾರೆ. ಹೊಲವಿಲ್ಲದವರೂ ಇನ್ನೊಬ್ಬರ ಹೊಲಕ್ಕೆ ನೆಂಟರಂತೆ ಹೋಗುತ್ತಾರೆ. ಆ ದಿನ ಪೇಟೆಯಲ್ಲಿ ಕರ್ಫ್ಯೂ ಹಾಕಿದ ಹಾಗೆ.

ಹೊಲದಲ್ಲಿ ನಾವು ನೋಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತೆನೆ ಕಟ್ಟಿದ ಜೋಳದ ದಂಟನ್ನು ಹೊಲದ ಯಜಮಾನ ತಾನೇ ಕೊಯ್ದು ತಂದ. ಆಳಿನಿಂದ ಕೊಯ್ಸುವುದಿಲ್ಲವಂತೆ. ಐದು ಸಣ್ಣ ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಸಾಲಾಗಿ ಇಟ್ಟಿದ್ದರು. ಅವುಗಳ ಸುತ್ತ ದಂಟುಗಳನ್ನು ನಿಲ್ಲಿಸಿ, ತೆನೆಗಳನ್ನೆಲ್ಲ ಮೇಲೆ ಒಟ್ಟುಗೂಡಿಸಿ ಕಟ್ಟಿದಾಗ ಬುಡ ಅಗಲ, ತುದಿ ಚೂಪಾದ ಒಂದು ಹಸಿರು ಗುಡಿಸಲಾಯಿತು. ಅದಕ್ಕೆ ‘ಕೊಂಪಿ’ ಎನ್ನುತ್ತಾರೆ. ಪೂಜೆಯಾದ ಮೇಲೆ ಹೊಲದ ಸುತ್ತ ಭಜ್ಜಿ, ರೊಟ್ಟಿಯ ತುಣುಕು, ಅಂಬಲಿಯನ್ನು ಚೆಲ್ಲುತ್ತ ಕೂಗು ಹಾಕುತ್ತ ಹೋಗುತ್ತಾರೆ, ಇದು ಚರಗ. ಗಡಿಯಾಚೆ ಮಹಾರಾಷ್ಟ್ರದ ಲಾತೂರು ಕಡೆಯಲ್ಲೂ ಇದೇ ದಿನ ಇದೇ ಭಜ್ಜಿ, ಇದೇ ಗುಡಿಸಲು. ಅಲ್ಲಿ ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ. ನಮ್ಮ ಎಳ್ಳಮಾವಾಸ್ಯೆಯೇ ಗಡಿ ದಾಟಿ ಹಾಗಾಯಿತೆಂದು ಹಿರಿಯರ ಹೇಳಿಕೆ. ಮೇಸ್ತ್ರಿಯ ಮನೆಯವರೂ ಅಲ್ಲಿದ್ದರು. ಪೂಜೆಗೆ ಕೈ ಮುಗಿಯದಿದ್ದರೂ ದಂಟು ಹಿಡಿದುಕೊಟ್ಟರು, ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂತರು. ‘ನಾಳೆ ನಾಡಿದ್ದು ಇವರು ನಮ್ಮ ಕಡಿ ಬರ್ತಾರ್ರಿ’ ಎಂದು ಹೊಲದವರತ್ತ ಕೈ ತೋರಿಸಿದರು. ಹಾಗೆಯೇ ಆಯಿತು.

24ರ ಬೆಳಿಗ್ಗೆ ನಾವು ಯಾವುದಕ್ಕಾಗಿ ಹೋಗಿದ್ದೆವೋ ಅದು. ಮೇಸ್ತ್ರಿಗೆ ಎರಡು ಎಕರೆ ಕೆಂಪುನೆಲ. ಬಡಗಣ ಬದುವಿನಲ್ಲಿ ಒಂದು ಸಾಲು ಗಾಳಿಮರ, ನಾವು ಸರ್ವೆ ಎನ್ನುವುದು. ಆ ಕಡೆ ಎಷ್ಟು ದೊಡ್ಡ ಮರವಾದರೂ ‘ಗಿಡ’ವೇ. ನಮ್ಮಲ್ಲಿ ಗಿಡವೆಂದರೆ ಕಾಫಿ, ಇಲ್ಲವೇ ನರ್ಸರಿಯ ಬುಟ್ಟಿಯಲ್ಲಿರುವುದು. ಆದ್ದರಿಂದ ಒಂದು ವರ್ಷ ‘ಕ್ರಿಸ್‌ಮಸ್ ಗಿಡ’ ಎಂದು ಅವರು ಹೇಳಿದ್ದನ್ನು ನಾವು ಯಾವುದೋ ಕುಂಡದ ಗಿಡವೆಂದು ತಿಳಿದಿದ್ದೆವು. ಸಾಲನ್ನು ನೆಟ್ಟವರು ಮೇಸ್ತ್ರಿಯ ತಂದೆ. ಅವರಿಗೆ ಕಣ್ಣು ಮಂಜಾಗಿದೆ. ಮೊಮ್ಮಗಳ ಹೆಗಲು ಹಿಡಿದು ಬಂದು, ಒಂದೊಂದು ಮರದ ಬುಡ ತಡವಿ, ಎಷ್ಟನೆಯ ಮಳೆಗೆ ನೆಟ್ಟದ್ದು ಎಂದು ಹೇಳುತ್ತ ಹೋದರು. ಮನೆಯ ನಿಯಮ ಇಷ್ಟು: ಐದು ಮಳೆ ಕಾಣದ ಮರವನ್ನು ಮುಟ್ಟಬಾರದು. ಯಾವುದನ್ನು ಕಡಿಯಬೇಕೆಂದು ಹಿರಿಯರು ಹೇಳಬೇಕು, ಬೀಳುವಾಗ ಮನೆಯ ಕಿರಿಯ ಮಗು ತುದಿ ಹಿಡಿಯಬೇಕು. ಒಂದು ಕಡಿದರೆ ಮುಂದಿನ ಮಳೆಗಾಲ ಎರಡು ನೆಡಬೇಕು. ಕಡಿಯಲು ಬೇರೆಯವರ ಕೈಗೆ ಕೊಡಲಿ ಕೊಡುವಂತಿಲ್ಲ. ನಾವು ಕೈ ಚಾಚಿದಾಗ ಮುದುಕರು ನಕ್ಕರು, ಕೊಡಲಿ ಮಾತ್ರ ಬರಲಿಲ್ಲ.

ಕಡಿದ ರೀತಿಯನ್ನು ತೋಟಗಾರನ ಕಣ್ಣಿನಿಂದ ನೋಡಿದೆವು. ಬುಡಕ್ಕೆ ಕಡಿಯಲಿಲ್ಲ. ಕೆಳಗಿನ ಒಂದು ಸುತ್ತು ಹಸಿರು ರೆಂಬೆ ಉಳಿಸಿ, ಅದರ ಮೇಲೆ ಓರೆಯಾಗಿ ಕಡಿದರು. ಉಳಿದ ರೆಂಬೆಗಳಲ್ಲಿ ಒಂದು ತಲೆಯೆತ್ತಿ ಮತ್ತೆ ಮರವಾಗುತ್ತದಂತೆ. ಸಾಲಿನಲ್ಲಿ ಹಾಗೆ ಎರಡನೆಯ ಸಲ ಎದ್ದ ಮರಗಳನ್ನು ತೋರಿಸಿದರು. ಬುಡದ ಸೊಟ್ಟು ನೋಡಿದರೆ ಗೊತ್ತಾಗುತ್ತದೆ. ಸರ್ವೆಯನ್ನು ನೆಲಮಟ್ಟಕ್ಕೆ ಕಡಿದರೆ ಸಾಮಾನ್ಯವಾಗಿ ಚೆನ್ನಾಗಿ ಚಿಗುರುವುದಿಲ್ಲ. ಹಳ್ಳಿಯ ಮುದುಕರು ಯಾವ ಪುಸ್ತಕ ಓದದೆ ಇದನ್ನು ಕಂಡುಕೊಂಡಿದ್ದಾರೆ. ಇನ್ನೊಂದು ಮಾತು. ಸರ್ವೆಯ ಸೂಜಿಯಂತೆ ಕಾಣುವುದು ಎಲೆಯಲ್ಲ, ಸಣ್ಣ ಕಡ್ಡಿ. ನಿಜವಾದ ಎಲೆ ಅದರ ಗಂಟುಗಳಲ್ಲಿ ಹಲ್ಲಿನಂತೆ ಕಾಣುವ ಚೂರು. ಅದರ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಬಡ ಕೆಂಪುನೆಲದಲ್ಲಿ ಅದು ಬದುಕುವುದು ಅದರಿಂದಲೇ.

ಮಧ್ಯಾಹ್ನ ನಕ್ಷತ್ರದ ಬಣ್ಣದ ಕಾಗದ ತರಲು ಬಸವಕಲ್ಯಾಣಕ್ಕೆ ಹೋದೆವು. ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾದ ಬಳಿ ತಿರುಗಬೇಕು. ಕಲ್ಯಾಣ ಚಾಲುಕ್ಯರ ರಾಜಧಾನಿ, ಬಸವಣ್ಣನವರ ನೆಲ. ನೋಡಬೇಕೆಂಬ ಆಸೆ ಕಾಲೇಜಿನ ದಿನಗಳಿಂದ ಇತ್ತು. ಕೋಟೆಯನ್ನೂ ತ್ರಿಪುರಾಂತ ಕೆರೆಯನ್ನೂ ಅವಸರದಲ್ಲಿ ನೋಡಿ, 2021ರಲ್ಲಿ ಅಡಿಗಲ್ಲು ಹಾಕಿದ ಹೊಸ ಅನುಭವ ಮಂಟಪದ ವಿಷಯ ಕೇಳಿ ತಿಳಿದು, ಪೇಟೆಗೆ ಬಂದೆವು. ಕಾಗದ ಮಾರುವ ಅಂಗಡಿಯವರು ಮುಸ್ಲಿಮರು. ನಕ್ಷತ್ರಕ್ಕೆ ಎಂದ ಕೂಡಲೇ ಅಳತೆ ಕೇಳದೆ ಹಾಳೆ ಎಣಿಸಿ ಕೊಟ್ಟರು. ಹನ್ನೆರಡನೆಯ ಶತಮಾನದಲ್ಲಿ ಮೈಮುರಿದು ದುಡಿಯುವವನ ಕಾಯಕಕ್ಕೆ ಬೆಲೆ ಕಟ್ಟಿದ ಊರಿನಲ್ಲಿ, ಹಿಂದಿನ ವರ್ಷ ಕೂಲಿ ಹಿಡಿದಿಟ್ಟ ನಾವು ಮೇಸ್ತ್ರಿಯ ಪಕ್ಕದಲ್ಲಿ ನಡೆಯುತ್ತಿದ್ದೆವು. ಬರೆಯುವಾಗ ಈಗಲೂ ಮುಜುಗರವಾಗುತ್ತದೆ. ಅಲ್ಲೇ ಚಹಾದಂಗಡಿಯಲ್ಲಿ ಐನೂರು ರೂಪಾಯಿ ತೆಗೆದು ಅವರ ಕೈಗೆ ಕೊಟ್ಟೆವು. ‘ಯಾತಕ್ಕ್ರಿ?’ ಎಂದರು. ‘ಮರದ್ದು’ ಎಂದೆವು. ಬೇಡವೆನ್ನಲಿಲ್ಲ. ಬಿಚ್ಚಿ ಎಣಿಸಿ ಒಳಜೇಬಿಗೆ ಹಾಕಿಕೊಂಡರು. ದುಡಿದವರು ಎಣಿಸಿಕೊಳ್ಳುವುದೇ ಸರಿ.

ಆ ರಾತ್ರಿ ಗಿಡ ಸಿಂಗಾರವಾಯಿತು. ಮಕ್ಕಳು ಈ ಸಲ ಕುಸುಬೆಯ ಹೂ, ಮೆಣಸಿನಕಾಯಿ ಪೋಣಿಸಿದ್ದರು. ತಂಡದ ಹುಡುಗಿಯೊಬ್ಬಳು ನಮ್ಮ ತೋಟದಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದ ಒಂದು ಹಿಡಿ ಕಾಫಿ ಹಣ್ಣನ್ನೂ ತಂದು ನಡುವೆ ಕಟ್ಟಿದಳು. ಯಾರದು ಎಂದು ನಾವು ಕೇಳಲಿಲ್ಲ. ಹತ್ತು ಗಂಟೆಯ ಮೇಲೆ ಹಲಗೆ, ಢೋಲಕ್, ತಾಳ ಹಿಡಿದು ಹಾಡುವವರ ಗುಂಪು ಮನೆಮನೆಗೆ ಬಂತು. ಧಾಟಿ ನಮ್ಮ ಭಜನೆಯದೇ, ಮಾತು ಕ್ರಿಸ್ತಜನನದ್ದು. ಪ್ರತಿ ಮನೆಯಲ್ಲೂ ಚಹಾ. ಇಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ನಾವು ಒಯ್ದ ಎರಡು ಕಿಲೋ ಕಾಫಿಪುಡಿಯನ್ನು ಏನು ಮಾಡಬೇಕೆಂದು ಆ ಮನೆಯಲ್ಲಿ ಯಾರಿಗೂ ತಿಳಿಯದು! ನಾಲ್ಕು ವರ್ಷ ನಮ್ಮ ಕಾಫಿ ಕೊಯ್ದ ಕೈಗಳು, ಲೈನಿನಲ್ಲೂ ಚಹಾವನ್ನೇ ಕುಡಿದಿದ್ದರು. ನಾವೂ ಒಂದು ದಿನ ಕರೆದು ಕಾಫಿ ಕೊಟ್ಟಿರಲಿಲ್ಲ. ಒಲೆಯ ಮುಂದೆ ಕೂತು ಬೆಲ್ಲ ಹಾಕಿ ಕಾಫಿ ಕಾಸಿ ಬಟ್ಟೆಯಲ್ಲಿ ಸೋಸಿ ನಾವೇ ಕೊಟ್ಟೆವು. ಮುದುಕರು ಒಂದು ಗುಟುಕು ಕುಡಿದು, ‘ಔಷಧ ಇದ್ದಂಗ ಅದ’ ಎಂದು ಇಟ್ಟುಬಿಟ್ಟರು. ಹುಡುಗರು ಎರಡೆರಡು ಲೋಟ ಕುಡಿದರು. ಕಾಫಿ ಬಳಕೆ ಹೆಚ್ಚಬೇಕೆಂದು ಸಭೆಗಳಲ್ಲಿ ಗೊತ್ತುವಳಿ ಮಾಡುವ ನಾವು ಮೊದಲು ನಮ್ಮ ಲೈನಿನಿಂದ ಶುರುಮಾಡಬೇಕಿತ್ತು.

25ರಂದು ದೇವಾಲಯದಲ್ಲಿ ಜಾಗ ಸಾಲದೆ ಜನ ಹೊರಗೆ ಶಾಮಿಯಾನದಡಿ ಕೂತಿದ್ದರು. ಮುಗಿದ ಮೇಲೆ ಊಟಕ್ಕೆ ಹೊಲದವರು ಬಂದರು. ಪೂಜೆಗೆ ಅವರು ಕೂರಲಿಲ್ಲ, ಪಂಕ್ತಿಗೆ ತಪ್ಪಲಿಲ್ಲ. ನಾವು ಸಸ್ಯಾಹಾರಿಗಳೆಂದು ಬೇರೆ ಒಲೆಯಲ್ಲಿ ಹೋಳಿಗೆ, ಕರ್ಚಿಕಾಯಿ ಮಾಡಿದ್ದರು. ಹಿಂದಿನ ವರ್ಷದ ನಾಲ್ಕನ್ನೂ ಸೇರಿಸಿ ತಿಂದೆವು.

ಮರವನ್ನು ಮನೆಯೊಳಗೆ ತಂದು ಸಿಂಗರಿಸುವ ವಾಡಿಕೆ ಜರ್ಮನರದು. ಅದು ಲೋಕಕ್ಕೆಲ್ಲ ಹರಡಿದ್ದು ಬಹಳ ಹಿಂದಿನ ಮಾತಲ್ಲ. ವಿಕ್ಟೋರಿಯಾ ರಾಣಿಯೂ ಜರ್ಮನ್ ರಾಜಕುಮಾರನಾದ ಆಕೆಯ ಗಂಡ ಆಲ್ಬರ್ಟನೂ ಮಕ್ಕಳೊಡನೆ ಅಂಥ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಇಂಗ್ಲಿಷರು ಅದನ್ನು ಹಿಡಿದರು. ಅಮೆರಿಕದಲ್ಲಿ ಮೊದಲು ಕಾಡಿನಿಂದ ಕಡಿದು ತರುತ್ತಿದ್ದರು. 1901ರಲ್ಲಿ ನ್ಯೂಜೆರ್ಸಿಯ ರೈತನೊಬ್ಬ ಸ್ಪ್ರೂಸ್ ಸಸಿಗಳನ್ನು ಹೊಲದಲ್ಲಿ ನೆಟ್ಟು ಮಾರಿದ್ದು ಅಲ್ಲಿ ಇಂಥ ತೋಟಗಳಿಗೆ ಮೊದಲು ಎನ್ನುತ್ತಾರೆ. ಈಗ ಅಲ್ಲಿ ಸಂಸಾರ ಸಮೇತ ತೋಟಕ್ಕೆ ಹೋಗಿ, ಗರಗಸ ತೆಗೆದುಕೊಂಡು, ತಮಗೆ ಬೇಕಾದ ಮರವನ್ನು ತಾವೇ ಕಡಿದು, ದುಡ್ಡು ಕೊಟ್ಟು ತರುವುದು ಹಬ್ಬದ ಒಂದು ಭಾಗ. ಆಳೆತ್ತರದ ಮರಕ್ಕೆ ಏಳೆಂಟು ವರ್ಷ ಬೇಕು. ಅಷ್ಟು ವರ್ಷ ಸವರಿ, ಕಳೆ ಕಿತ್ತು, ಹುಳ ನೋಡಿ ಬೆಳೆಸುವವನೂ ನಮ್ಮಂಥ ಬೆಳೆಗಾರನೇ. ಹುಮನಾಬಾದಿನ ಆ ಮುದುಕರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: ‘ಪರರ ಹೊಲದಾಗಿನ ಗಿಡ ಕಡೀಲಿಕ್ಕೆ ರೊಕ್ಕ ಕೊಡ್ತಾರ?’

ಕೆಲಸಕ್ಕೆ ಬರುವ ಮಾತು ಎರಡು ಹೇಳಿ ಮುಂದೆ ಹೋಗುತ್ತೇವೆ. ನಮ್ಮ ಭಾಗದಲ್ಲೂ ಕ್ರಿಸ್‌ಮಸ್‌ಗೆ ಮರ ಕೇಳಿ ಬರುವವರಿದ್ದಾರೆ. ಎಳೆಯ ಸಿಲ್ವರ್ ಓಕಿನ ನೆತ್ತಿ ಕೊಡಬೇಡಿ. ಗಾಳಿ ತಡೆಗೆಂದು ನೆಟ್ಟ ಸರ್ವೆಯ ಸಾಲನ್ನು ಹೇಗೂ ವಿರಳ ಮಾಡಬೇಕು, ಆಗ ಬರುವ ತುದಿಗಳೇ ಸಾಕು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರಲ್ಲಿ ಸರ್ವೆ, ಸಿಲ್ವರ್ ಓಕ್, ನೀಲಗಿರಿಗಳನ್ನು ಕಡಿಯಲು ಅಪ್ಪಣೆ ಬೇಕಿಲ್ಲವೆಂದು ಬಿಟ್ಟಿದ್ದಾರೆ. ಆದರೂ ಲಾರಿಗೆ ಹೇರುವ ಮೊದಲು ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿ. ನರ್ಸರಿಗಳಲ್ಲಿ ‘ಕ್ರಿಸ್‌ಮಸ್ ಟ್ರೀ’ ಎಂದು ಕುಂಡದಲ್ಲಿ ಮಾರುವುದು ಅರೌಕೇರಿಯ. ಅದರ ತುದಿ ಮುರಿದರೆ ಅಂದ ಹೋಯಿತು. ಪಕ್ಕದ ರೆಂಬೆ ಕಡಿದು ನೆಟ್ಟರೆ ಬೇರು ಬಂದರೂ ನೆಟ್ಟಗೆ ಏಳದೆ ಅಡ್ಡಡ್ಡ ಹರಿಯುತ್ತದೆ. ಕಾಫಿಯ ಅಡ್ಡರೆಂಬೆಯಿಂದ ಗಿಡ ಮಾಡಿದರೆ ಆಗುವ ಗತಿಯೇ. ನೆಟ್ಟಗಿನ ಚಿಗುರಿನ ಕಡ್ಡಿಯೇ ಬೇಕು.

ಇನ್ನು ರಜೆಯ ವಿಷಯ. ಆ ಹನ್ನೊಂದು ಜನರಲ್ಲಿ ಒಂಬತ್ತು ಜನ 2023ರ ಜನವರಿ 2ಕ್ಕೆ ಬಂದು ಬುಟ್ಟಿ ಹಿಡಿದರು. ಇಬ್ಬರು ಹುಡುಗರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದವರು ಬರಲಿಲ್ಲ. ಆ ಹತ್ತು ದಿನದಲ್ಲಿ ಕೆಳಗಿನ ಪಟ್ಟೆಯ ಹಣ್ಣು ಗಿಡದಲ್ಲೇ ಕಪ್ಪಾಯಿತು. ಪಾರ್ಚ್‌ಮೆಂಟ್ ಆಗಬೇಕಾದದ್ದು ಚೆರಿಯಾಗಿ ಹೋಯಿತು. ಉದುರಿದ್ದನ್ನು ಆಯದೆ ಬಿಟ್ಟರೆ ಕಾಯಿಕೊರಕ ಎಂದು ಮನೆಯವರು ಎರಡು ಆಳು ಹಿಡಿದು ಆಯಿಸಿದ್ದರು. ನಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. ‘ಕಾರ್ಯದರ್ಶಿಗಳೇ ಹೀಗೆ ಮಾಡಿದರೆ ಉಳಿದವರ ಆಳುಗಳೂ ಕೇಳುತ್ತಾರೆ, ನೀವು ಅಭ್ಯಾಸ ಕೆಡಿಸುತ್ತಿದ್ದೀರಿ’ ಎಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದುನಿಂತು ಹೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಎಂಟು ಎಕರೆಯವನಿಗೆ ಹತ್ತು ದಿನ ಹತ್ತು ದಿನವೇ. ಆದರೆ ಕೂಲಿ ಹಿಡಿದು ನಿಲ್ಲಿಸಿಕೊಂಡ 2021ರಲ್ಲಿ ಅವರು ಕೊಯ್ದ ಹಣ್ಣಿನ ಜೊತೆ ಎಷ್ಟು ಹಸಿರು ಕಾಯಿ ಬುಟ್ಟಿಗೆ ಬಿತ್ತೆಂಬುದು ನಮ್ಮ ಪಲ್ಪರಿಗೆ ಗೊತ್ತು.

ಆಮೇಲಿನ ವರ್ಷಗಳಲ್ಲಿ ನಾವು ಕೊಯ್ಲಿನ ಲೆಕ್ಕ ಹಾಕುವಾಗಲೇ ಪಂಚಾಂಗ ಪಕ್ಕದಲ್ಲಿಟ್ಟುಕೊಳ್ಳುತ್ತೇವೆ. ಕ್ರಿಸ್‌ಮಸ್ ಕದಲುವುದಿಲ್ಲ, ಎಳ್ಳಮಾವಾಸ್ಯೆ ಓಡಾಡುತ್ತದೆ. 2019ರಲ್ಲಿ ಅದು ಡಿಸೆಂಬರ್ 26ಕ್ಕೆ ಬಂದಿತ್ತು. ಕೊಡಗು, ಕಾಸರಗೋಡಿನ ಕಡೆ ಕಂಕಣ ಸೂರ್ಯಗ್ರಹಣ ಕಂಡ ದಿನವೇ ಅದು. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಹಬ್ಬ 2024ರ ಜನವರಿ 11ಕ್ಕೆ ಸರಿಯಿತು. ಎರಡು ಹಬ್ಬಕ್ಕೆ ಎರಡು ಸಲ ಹೋಗುವುದು ಯಾರಿಗೂ ಆಗದ ಮಾತು. ತಂಡವೇ ಇಬ್ಭಾಗವಾಗಿ, ಕ್ರೈಸ್ತರು ಡಿಸೆಂಬರಿನಲ್ಲಿ, ಉಳಿದವರು ಜನವರಿಯಲ್ಲಿ ಹೋಗಿ ಬಂದರು. ಯಾರೂ ಹೇಳಿಕೊಡಲಿಲ್ಲ, ಅವರೇ ಮಾಡಿಕೊಂಡ ಏರ್ಪಾಡು. 2024ರಲ್ಲಿ ಡಿಸೆಂಬರ್ 30, 2025ರಲ್ಲಿ 19. ಅಧಿಕ ಜ್ಯೇಷ್ಠದ 2026ರ ಲೆಕ್ಕದಲ್ಲಿ ಹಬ್ಬ ಬೀಳುವುದು 2027ರ ಜನವರಿ 7ಕ್ಕೆ. ಹೊರಜಿಲ್ಲೆಯ ಆಳುಗಳನ್ನು ನಂಬಿದ ಸದಸ್ಯರು ಇದನ್ನು ಗುರುತುಹಾಕಿಕೊಂಡರೆ ಒಳ್ಳೆಯದು. ಅಸ್ಸಾಮಿನ ಕಡೆಯಿಂದ ಬರುವವರನ್ನು ಇಟ್ಟುಕೊಂಡವರು ಅವರ ಹಬ್ಬ ಯಾವಾಗ ಎಂದು ಕೇಳಿಟ್ಟುಕೊಳ್ಳಿ.

ನೆತ್ತಿ ಕಳೆದುಕೊಂಡ ಸಿಲ್ವರ್ ಓಕ್ ಎರಡು ಕವಲಾಗಿ ಎದ್ದಿದೆ. ಒಂದನ್ನು ಸವರಬೇಕೆಂದು ಪ್ರತಿ ಮರಗಸಿಯಲ್ಲೂ ಅಂದುಕೊಂಡು ಬಿಟ್ಟಿದ್ದೇವೆ. ಮೆಣಸಿನ ಬಳ್ಳಿ ಎರಡಕ್ಕೂ ಹತ್ತಿದೆ. ಪಲ್ಪರ್ ಮನೆಯ ಹಿಂದೆ 2023ರ ಮಳೆಗಾಲದಲ್ಲಿ ಮೇಸ್ತ್ರಿಯ ತಂದೆ ಕೊಟ್ಟು ಕಳುಹಿಸಿದ ಬೀಜದಿಂದ ಎಬ್ಬಿಸಿದ ನಲವತ್ತು ಸರ್ವೆ ನೆಟ್ಟಿದ್ದೇವೆ. ಅವು ಇನ್ನೂ ಐದು ಮಳೆ ಕಂಡಿಲ್ಲ. ಅಲ್ಲಿಯವರೆಗೆ ಗಡಿಸಾಲಿನ ಹಳೆಯ ಸರ್ವೆಯ ತುದಿಗಳು ಬೇಕಾದ ಸದಸ್ಯರು, ಅವರ ಲೈನಿನವರು ಡಿಸೆಂಬರ್ 23ರ ಬೆಳಿಗ್ಗೆ ಬಂದರೆ ಕೊಡುತ್ತೇವೆ. ಹಣವಿಲ್ಲ. ಕತ್ತಿಯನ್ನು ಅವರವರೇ ತರಬೇಕು.